ಮರಗಪ್ಪೆಗೆ ನಲ್ಲಿ ನೀರು

ಜನವರಿ 6

ನಮಸ್ಕಾರ.

ಇದು ನಿಮಗೆ ಬರೆದದ್ದು, ನನ್ನ ಮಗಳ ಅಪ್ಪನಿಗಲ್ಲ. ಗೂಡ್ಸ್ ರೈಲು ಓಡಿಸುವವರು ವಾರದಲ್ಲಿ ಎಷ್ಟು ದಿನ ಮನೆಯಲ್ಲಿರುತ್ತಾರೆಂದು ಏಳು ವರ್ಷ ಆ ಮನೆಯಲ್ಲಿದ್ದ ನನಗೂ ಗೊತ್ತು, ಎರಡು ವರ್ಷದಿಂದ ಇರುವ ನಿಮಗೂ ಗೊತ್ತು. ಕಪ್ಪೆಯನ್ನು ನೋಡಿಕೊಳ್ಳಬೇಕಾದವರು ನೀವೇ.

ಹಡಗು ಹತ್ತುವ ಹಿಂದಿನ ದಿನ, ಮನೆಯಲ್ಲಿ ಯಾರನ್ನೂ ಕೇಳದೆ, ಮಗಳಿಗೆ ಗಾಜಿನ ಪೆಟ್ಟಿಗೆಯ ಸಮೇತ ಒಂದು ಮರಗಪ್ಪೆ ತಂದುಕೊಟ್ಟು ಹೊರಟುಬಂದದ್ದು ಸರಿಯಲ್ಲ. ಸರಿಯಲ್ಲವೆಂದು ಅವತ್ತೇ ಗೊತ್ತಿತ್ತು. ಅದನ್ನು ಅಲ್ಲಿಗೆ ಬಿಟ್ಟು ಮುಂದಿನದು ಬರೆಯುತ್ತೇನೆ.

ಪೆಟ್ಟಿಗೆಯೊಳಗಿನ ಕಡ್ಡಿಗಳು ಎತ್ತರಕ್ಕಿರಲಿ; ಅದಕ್ಕೆ ಕುಪ್ಪಳಿಸುವುದಕ್ಕಿಂತ ಹತ್ತುವುದೇ ಇಷ್ಟ. ಬೆಳಿಗ್ಗೆ ಸಂಜೆ ಎಲೆಗಳ ಮೇಲೆ ನೀರು ಚಿಮುಕಿಸಿ. ದಿನ ಬಿಟ್ಟು ದಿನ ಮೂರೋ ನಾಲ್ಕೋ ಸಣ್ಣ ಮಿಡತೆ, ಕ್ಯಾಲ್ಸಿಯಂ ಪುಡಿಯಲ್ಲಿ ಹೊರಳಿಸಿ. ಬಟ್ಟಲಿನ ನೀರು ದಿನಾ ಬದಲಾಗಬೇಕು. ನಲ್ಲಿ ನೀರನ್ನು ಬಾಯಗಲದ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟರೆ ಕ್ಲೋರಿನ್ ಹೋಗುತ್ತದೆ, ಆಮೇಲೆ ಬಳಸಿ. ಮುಟ್ಟುವುದು ಕಡಿಮೆ. ಮುಟ್ಟಲೇಬೇಕಾದರೆ ಸೋಪು ಉಳಿಯದ ಹಾಗೆ ಕೈ ತೊಳೆದು, ಒದ್ದೆ ಕೈಯಲ್ಲೇ ಮುಟ್ಟಿ. ಅದು ನೀರು ಕುಡಿಯುವುದು ಬಾಯಿಂದಲ್ಲ, ಚರ್ಮದಿಂದ. ನಮ್ಮ ಕೈಗೆ ಹತ್ತಿದ್ದೆಲ್ಲ ಅದರ ಹೊಟ್ಟೆಗೆ ಹೋದ ಹಾಗೆ.

ಇನ್ನೊಂದು ಮಾತು ನೆನಪಿರಲಿ. ನಾನು ಬರುವುದು ಸೆಪ್ಟೆಂಬರಿನಲ್ಲಿ. ಅಷ್ಟರಲ್ಲಿ ಅವಳಿಗೆ ಹತ್ತು ತುಂಬಿರುತ್ತದೆ. ನಿಮ್ಮ ಮನೆಯಲ್ಲೇ ಇರುತ್ತಾಳೋ, ಬಂದರಿನ ಊರಿನಲ್ಲಿ ನಾನು ಮಾಡುವ ಮನೆಗೆ ಬರುತ್ತಾಳೋ, ಅವಳೇ ಹೇಳಬೇಕು. ಅಲ್ಲಿಯವರೆಗೆ ಯಾರೂ ಅವಳನ್ನು ಕೇಳುವ ಹಾಗಿಲ್ಲ, ಪುಸಲಾಯಿಸುವ ಹಾಗಿಲ್ಲ. ಮೂವರೂ ಒಪ್ಪಿದ ಮಾತು.

ಹಡಗಿನ ಫೋನು ಭಾನುವಾರ ಹತ್ತು ನಿಮಿಷ ಸಿಗುತ್ತದೆ. ಅದು ಅವಳಿಗೆ. ನಿಮಗೆ ಬಂದರು ಸಿಕ್ಕಾಗ ಕಾಗದ.

ಹಡಗಿನ ಅಡುಗೆಯವಳು


ಜನವರಿ 28

ಅಕ್ಕ ಅವರಿಗೆ ನಮಸ್ಕಾರಗಳು.

ನಿಮ್ಮ ಪತ್ರವನ್ನು ಅಡುಗೆಮನೆಯ ಬೀರುವಿನ ಬಾಗಿಲಿಗೆ ಅಂಟಿಸಿದ್ದೇನೆ. ಕಪ್ಪೆಗೆ ಸಂಬಂಧಿಸಿದ ಭಾಗವನ್ನು ಮಾತ್ರ. ಉಳಿದದ್ದನ್ನು ಮಡಿಸಿ ಹಿಂದಕ್ಕಿಟ್ಟಿದ್ದೇನೆ.

ಉದ್ದ, ಮೂಗಿನ ತುದಿಯಿಂದ ಹಿಂಬದಿಯವರೆಗೆ, ನಲವತ್ತೊಂದು ಮಿಲಿಮೀಟರು. ಮುಟ್ಟದೆ, ಗಾಜಿನ ಹೊರಗಿನಿಂದ ಅಳೆದೆ. ಕೃತಕ ಹಲ್ಲು ಮಾಡುವ ಲ್ಯಾಬಿನಲ್ಲಿ ಹದಿನೆಂಟು ವರ್ಷ ಕೂತವಳಿಗೆ ಕಣ್ಣಿಗೆ ಕಂಡದ್ದನ್ನೆಲ್ಲ ಅಳೆಯುವ ಚಾಳಿ.

ಏನು ಹೆಸರಿಡ್ತೀಯ ಎಂದು ಅವಳನ್ನು ಕೇಳಿದೆ. ಬಹಳ ಹೊತ್ತು ನೋಡಿ, “ಮೇಷ್ಟ್ರು” ಎಂದಳು.

“ಯಾಕೆ?”

“ಕಣ್ಣು ಅರ್ಧ ಮುಚ್ಕೊಂಡು ಕೂತಿರ್ತಾರೆ. ನಿದ್ದೆ ಮಾಡ್ತಿದಾರೆ ಅಂದ್ಕೊಂಡು ಮಾತಾಡಿದ್ರೆ ಸಿಕ್ಕಿಬೀಳ್ತೀವಿ.”

ಅಂದಿನಿಂದ ನಮ್ಮಲ್ಲಿ ಏಕವಚನ ನಡೆಯುವುದಿಲ್ಲ. ಕಪ್ಪೆ ಮಲಗಿದೆಯಾ ಎಂದರೆ ಸಾಕು, “ಮಲಗಿದಾರೆ” ಎಂದು ತಿದ್ದುತ್ತಾಳೆ.

ನನ್ನನ್ನು ಅವಳು ಏನೂ ಕರೆಯುವುದಿಲ್ಲ. “ಕೇಳಿಸ್ತಾ” ಎಂದು ಮಾತು ಶುರು ಮಾಡುತ್ತಾಳೆ. ಇದು ದೂರಲ್ಲ. ಈ ತಿಂಗಳು “ಕೇಳಿಸ್ತಾ” ಜಾಸ್ತಿಯಾಗಿದೆ, ಅದನ್ನು ಹೇಳಬೇಕೆನಿಸಿತು.

ನೀರಿನ ವಿಷಯದಲ್ಲಿ ಮಾತ್ರ ನೀವು ಹೇಳಿದ್ದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿದ್ದೇನೆ. ನಮ್ಮಲ್ಲಿ ಅಚ್ಚಿನ ಪುಡಿ ಕಲಸಲು ಡಿಸ್ಟಿಲ್ಡ್ ನೀರು ಬಳಸುತ್ತೇವೆ. ಅದರಲ್ಲಿ ಕ್ಲೋರಿನ್ ಇಲ್ಲ, ಸುಣ್ಣವಿಲ್ಲ, ಉಪ್ಪಿಲ್ಲ, ಏನೆಂದರೆ ಏನೂ ಇಲ್ಲ. ಚರ್ಮದಿಂದ ಕುಡಿಯುವ ಜೀವಕ್ಕೆ ಇದಕ್ಕಿಂತ ಶುದ್ಧವಾದದ್ದು ಎಲ್ಲಿ ಸಿಕ್ಕೀತು? ಲ್ಯಾಬಿನವರನ್ನು ಕೇಳಿಯೇ ದಿನಾ ಎರಡು ಲೀಟರು ತರುತ್ತಿದ್ದೇನೆ. ಬಟ್ಟಲಿಗೂ ಅದೇ, ಚಿಮುಕಿಸಲೂ ಅದೇ. ಬಸ್ಸಿನಲ್ಲಿ ಪಕ್ಕದವರು ಔಷಧವಾ ಎಂದು ಕೇಳುತ್ತಾರೆ. ಹೌದು ಎನ್ನುತ್ತೇನೆ.

ಮೇಷ್ಟ್ರ ವಿಷಯದಲ್ಲಿ ಚಿಂತೆ ಬೇಡ.


ಫೆಬ್ರವರಿ 9

ನಿಮ್ಮ ಕಾಗದ ಇನ್ನೂ ಕೈ ಸೇರಿಲ್ಲ. ಅಂಚೆಚೀಲ ನಮ್ಮ ಹಡಗಿನ ಹಿಂದೆ ಹಿಂದೆಯೇ ಬರುತ್ತಿದೆಯಂತೆ, ಮುಂದಿನ ಬಂದರಿನಲ್ಲಿ ಹಿಡಿಯುತ್ತದಂತೆ.

ಒಂದು ಕೇಳಬೇಕಿತ್ತು. ಅವಳಿಗೆ ಟ್ಯೂಷನ್ ಹಾಕಿದ್ದೀರಾ? ಭಾನುವಾರ ಫೋನಿನಲ್ಲಿ ಬರೀ ಮೇಷ್ಟ್ರದೇ ಮಾತು. ಮೇಷ್ಟ್ರು ಇವತ್ತು ಗೋಡೆ ಹತ್ತಿದರು ಎಂದಳು. ಲೈನು ಸರಿಯಿರಲಿಲ್ಲ, ನಾನು ಹೂಂಗುಟ್ಟಿದೆ. ಗೋಡೆ ಹತ್ತುವ ಮೇಷ್ಟ್ರ ಹತ್ತಿರ ಗಣಿತ ಕಲಿಸುವುದು ನನಗೆ ಅಷ್ಟು ಸರಿಕಾಣುವುದಿಲ್ಲ.

ಇಲ್ಲಿ ನಲವತ್ತು ಜನರಿಗೆ ಮೂರು ಹೊತ್ತು ಬೇಯಿಸುತ್ತೇನೆ. ಸಮುದ್ರದ ತಳ ಅಳೆಯಲು ಬಂದ ಓದಿದವರು, ಆದರೆ ಹಸಿವಿನಲ್ಲಿ ಎಲ್ಲರೂ ಒಂದೇ ಕ್ಲಾಸಿನ ಹುಡುಗರು. ಗಾಳಿ ಜೋರಾದರೆ ಪಾತ್ರೆಗಳನ್ನು ಒಲೆಗೆ ಕಟ್ಟಿ ಅಡುಗೆ ಮಾಡಬೇಕು.

ಕಪ್ಪೆ ಹೇಗಿದೆ? ಅದರ ಸುದ್ದಿಯನ್ನೇ ಅವಳು ಎತ್ತುತ್ತಿಲ್ಲ. ಬೇಜಾರಾಗಿ ಮೂಲೆಗೆ ಹಾಕಿದ್ದಾಳೋ ಏನೋ.


ಫೆಬ್ರವರಿ 24

ನಮಸ್ಕಾರ.

ಮೇಷ್ಟ್ರು ಎಂದರೆ ಕಪ್ಪೆಯೇ. ಹಿಂದಿನ ಪತ್ರ ತಲುಪಿದಾಗ ತಿಳಿಯುತ್ತದೆ.

ಎಲ್ಲರೂ ಕ್ಷೇಮ. ನೀರನ್ನು ಈಗ ದಿನಕ್ಕೆ ಎರಡು ಸಲ ಬದಲಾಯಿಸುತ್ತಿದ್ದೇನೆ. ಲ್ಯಾಬಿನಲ್ಲಿ ಕೆಲಸ ಹೆಚ್ಚು. ಇವತ್ತಿಗೆ ಇಷ್ಟು ಸಾಕು.


ಮಾರ್ಚ್ 2

ನಿಮ್ಮ ಜನವರಿಯ ಕಾಗದ ನಿನ್ನೆ ಸಿಕ್ಕಿತು. ಮೇಷ್ಟ್ರ ವಿಷಯ ಓದಿ ಅಡುಗೆಮನೆಯಲ್ಲಿ ಒಬ್ಬಳೇ ನಕ್ಕೆ. ಅಕ್ಕ ಎನ್ನಬೇಡಿ. ನಾನು ನಿಮಗಿಂತ ಮೂರು ವರ್ಷ ಚಿಕ್ಕವಳು. ಮೊದಲು ಬಂದವಳೆಂದ ಮಾತ್ರಕ್ಕೆ ಹಿರಿಯಳಾಗುವುದಿಲ್ಲ.

ಇವತ್ತು ಭಾನುವಾರ. ಫೋನಿನಲ್ಲಿ ಅವಳಿಗೆ ಹೇಳಿದ್ದೇನೆ: ಮೇಷ್ಟ್ರು ಈಗ ದೊಡ್ಡವರಾದರು, ಇನ್ನು ಮೇಲೆ ಒಂದು ದಿನ ತೆರೆದಿಟ್ಟ ನಲ್ಲಿ ನೀರೇ ಅವರಿಗೆ ಬೇಕು, ಇವತ್ತಿನಿಂದಲೇ. ನಿಮಗೂ ಅದೇ ಹೇಳುತ್ತೇನೆ. ಎರಡು ಲೀಟರು ಹೊತ್ತು ಬಸ್ಸು ಹತ್ತುವುದು ಬೇಡ, ಭುಜ ನೋಯುತ್ತದೆ.

ಬೇರೆ ಏನೂ ವಿಶೇಷವಿಲ್ಲ.


ಮಾರ್ಚ್ 30

ಅಡುಗೆಯವರಿಗೆ (ಅಕ್ಕ ಬೇಡವೆಂದಿರಿ, ಬೇರೆ ಏನು ಕರೆಯಬೇಕೋ ತಿಳಿಯಲಿಲ್ಲ),

ಇದು ಕಷ್ಟದ ಪತ್ರ. ಮೊದಲೇ ಹೇಳಿಬಿಡುತ್ತೇನೆ, ಮೇಷ್ಟ್ರು ಬದುಕಿದ್ದಾರೆ.

ಫೆಬ್ರವರಿ ಹತ್ತರ ಹೊತ್ತಿಗೇ ಅವರು ಮಂಕಾಗಿದ್ದರು. ಹಸಿರು ಹೋಗಿ ಹಳೆಯ ಗೋಣಿಯ ಬಣ್ಣ ಬಂದಿತ್ತು. ಕಡ್ಡಿ ಹತ್ತುವುದನ್ನು ಬಿಟ್ಟು ಬಟ್ಟಲಿನಲ್ಲೇ ಕೂರುತ್ತಿದ್ದರು. ನೀರು ಸಾಲದೇನೋ ಎಂದು ನಾನು ಇನ್ನಷ್ಟು ಹೊಸ ನೀರು ತುಂಬಿಸಿದೆ. ಆಮೇಲೆ ಮೈ ಊದಿಕೊಂಡಿತು. ನಿಮಗೆ ಎಲ್ಲರೂ ಕ್ಷೇಮ ಎಂದು ಬರೆದ ದಿನ ಅವರು ಏನೂ ತಿನ್ನದೆ ಐದು ದಿನವಾಗಿತ್ತು. ನನ್ನ ಕೈಗೆ ಬಂದದ್ದು ಬಾಡಿತು ಎಂದು ನೀವು ತಿಳಿಯುತ್ತೀರಿ ಎಂಬ ಹೆದರಿಕೆ. ಅದಕ್ಕೇ ಬರೆಯಲಿಲ್ಲ.

ನೀವು ಫೋನಿನಲ್ಲಿ ಹೇಳಿದ ದಿನವೇ ಅವಳು ನೀರು ಬದಲಾಯಿಸಿದಳು. ಊತ ಇಳಿಯತೊಡಗಿತು, ಆದರೆ ಊಟವಿಲ್ಲ. ಹೋದ ವಾರ ಅವಳು ಶಾಲೆಗೆ ಹೋಗಿದ್ದಾಗ ಡಬ್ಬಿಯಲ್ಲಿ ಒದ್ದೆ ಬಟ್ಟೆ ಹಾಸಿ, ಅವರನ್ನು ಕೂರಿಸಿಕೊಂಡು ಪ್ರಾಣಿಗಳ ಡಾಕ್ಟರಮ್ಮನ ಹತ್ತಿರ ಹೋದೆ. ದಿನವಿಡೀ ನಾಯಿ ಬೆಕ್ಕು ನೋಡುವವರು. ಪುಸ್ತಕ ತೆಗೆದು ನೋಡಿ, ಏನು ನೀರು ಕೊಡ್ತಿದ್ರಿ ಎಂದರು. ಹೇಳಿದೆ.

ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಬ್ಯಾಟರಿಗೆ ಹಾಕೋ ನೀರಾ? ಅಷ್ಟು ಬರೀ ನೀರಲ್ಲಿ ಕೂರಿಸಿದ್ರೆ ಮೈಯಲ್ಲಿರೋ ಉಪ್ಪಿನಂಶ ಆಚೆ ಹೋಗುತ್ತೆ, ನೀರು ಒಳಗೆ ಬರುತ್ತೆ. ಅತಿಯಾದ್ರೆ ಅಮೃತಾನೂ ವಿಷ ಅಂತಾರಲ್ಲ, ಇದೇ ಅದು. ಈಗ ನಿಲ್ಸಿದೀನಿ ಅಂದ್ರಲ್ಲ, ಯಾರು ನಿಲ್ಸಿ ಅಂದಿದ್ದು?”

“ಹುಡುಗಿಯ ಅಮ್ಮ.”

“ಅವರಿಂದ ಉಳೀತು ಬಿಡಿ.”

ಭುಜ ನೋಯುತ್ತದೆ ಎಂದು ನೀವು ಬರೆದದ್ದು ಬಸ್ಸಿನಲ್ಲಿ ನೆನಪಾಯಿತು.

ಸುಮ್ಮನಿರಬಹುದಿತ್ತು. ಕಾರಣ ಗೊತ್ತಿದ್ದೂ ನೀವು ಮುಚ್ಚಿಟ್ಟಿದ್ದಿರಿ, ನಾನೂ ಮುಚ್ಚಿಟ್ಟರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಎರಡು ವಾರದಿಂದ ಅವಳು ಪೆಟ್ಟಿಗೆಯ ಹತ್ತಿರ ಹೋದಾಗಲೆಲ್ಲ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದಳು. ಅವತ್ತು ಸಂಜೆ ಬಚ್ಚಲಲ್ಲಿ ನಲ್ಲಿ ನಿಲ್ಲಲೇ ಇಲ್ಲ. ಹೋಗಿ ನೋಡಿದರೆ ಕೈ ಉಜ್ಜುತ್ತಿದ್ದಾಳೆ. ಬೆರಳ ಸಂದಿಯಲ್ಲಿ ಚರ್ಮ ಬಿರಿದಿತ್ತು.

“ಕೇಳಿಸ್ತಾ,” ಎಂದಳು, ನನ್ನ ಕಡೆ ನೋಡದೆ. “ಉಪ್ಪಿನ ಕಡಲೆಕಾಯಿ ತಿಂದು, ಕೈ ತೊಳೀದೆ ಮೇಷ್ಟ್ರನ್ನ ಎತ್ಕೊಂಡಿದ್ದೆ. ಒಂದೇ ಸಲ. ಅದಕ್ಕೇ ಅವರಿಗೆ ಹೀಗಾಗಿದ್ದು. ಅಮ್ಮನಿಗೆ ಬರೀಬೇಡಿ.”

“ನಿನ್ನ ಕೈಯಿಂದ ಅಲ್ಲ,” ಎಂದೆ. “ನಾನು ತಂದ ನೀರಿಂದ.” ಡಾಕ್ಟರಮ್ಮ ಹೇಳಿದ್ದೆಲ್ಲ ಹೇಳಿದೆ.

ನಲ್ಲಿ ನಿಲ್ಲಿಸಿದಳು. “ಅಮ್ಮನಿಗೆ ಗೊತ್ತಿತ್ತಾ?”

“ಗೊತ್ತಿತ್ತು ಅನ್ಸುತ್ತೆ.”

“ಮತ್ತೆ ದೊಡ್ಡವರಾದ್ರು ಅಂದಳಲ್ಲ.”

ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಬಡಿಯಲಿಲ್ಲ, ಮೆತ್ತಗೆ ಹಾಕಿಕೊಂಡಳು. ಬಡಿದಿದ್ದರೆ ವಾಸಿಯಿತ್ತು.

ನಿಮ್ಮ ಸುಳ್ಳು ನನ್ನನ್ನು ಕಾಪಾಡಿತು, ಅವಳನ್ನು ಕಾಪಾಡಲಿಲ್ಲ. ನಿಮ್ಮನ್ನು ಸಿಕ್ಕಿಸಿದ್ದಕ್ಕೆ ಕ್ಷಮಿಸಿ. ಇನ್ನೊಂದು ಸುಳ್ಳು ನನ್ನಿಂದ ಆಗಲಿಲ್ಲ.


ಏಪ್ರಿಲ್ 27

ಅಕ್ಕಾ,

ಹೌದು, ನಿಮ್ಮನ್ನೇ. ವಯಸ್ಸಿನ ಲೆಕ್ಕದಲ್ಲಿ ಅದು ಹೀಗೇ ಇರಬೇಕಿತ್ತು.

ಮೊದಲ ಸಲ ಓದಿದಾಗ ಸಿಟ್ಟು ಬಂತು. ಒಂದು ಮೂಟೆ ಈರುಳ್ಳಿ ಹೆಚ್ಚಿದೆ. ಅಡುಗೆಯವಳು ಯಾಕೆ ಅಳುತ್ತಿದ್ದಾಳೆಂದು ಯಾರೂ ಕೇಳುವುದಿಲ್ಲ, ಈ ಕೆಲಸದಲ್ಲಿ ಅದೊಂದು ಅನುಕೂಲ. ಎರಡನೇ ಸಲ ಓದುವಾಗ ಬಿರಿದ ಬೆರಳ ಸಂದಿ ಮಾತ್ರ ಕಾಣಿಸಿತು.

ಎರಡು ಭಾನುವಾರ ಅವಳು ಫೋನಿಗೆ ಬರಲಿಲ್ಲ. ನೀವು ಹೋಂವರ್ಕ್ ಎಂದಿರಿ. ನಿಮಗೆ ಸುಳ್ಳು ಹೇಳಲು ಬರುವುದಿಲ್ಲ, ಅಭ್ಯಾಸ ಮಾಡಬೇಡಿ. ಮೂರನೇ ಭಾನುವಾರ ಬಂದಳು.

“ಅಮ್ಮಾ, ಇನ್ಮೇಲೆ ಹಾಗೆಲ್ಲ ಹೇಳ್ಬೇಡ.”

“ಇಲ್ಲ.”

“ಗೊತ್ತಿದ್ರೆ ಹೇಳು. ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ ಅನ್ನು.”

“ಆಯ್ತು.”

ಆಮೇಲೆ ಏಳು ನಿಮಿಷ ಅವಳು ಉಸಿರಾಡುವುದನ್ನು ಕೇಳಿಸಿಕೊಂಡೆ.

ನಾನು ದೊಡ್ಡ ಮನಸ್ಸು ಮಾಡಿ ಮುಚ್ಚಿಟ್ಟೆ ಎಂದು ನೀವು ತಿಳಿದಿದ್ದರೆ, ಅದು ಹಾಗಲ್ಲ. ನಿಮ್ಮ ಜನವರಿಯ ಕಾಗದ ಓದಿದವಳು ಇಲ್ಲಿ ಜೀವಶಾಸ್ತ್ರ ಓದಿದ ಹುಡುಗಿಯನ್ನು ಕೇಳಿದೆ. ಅವಳು ಕೈಯಲ್ಲಿದ್ದ ಚಮಚ ಕೆಳಗಿಟ್ಟು, ಬೇಗ ನಿಲ್ಲಿಸಲು ಹೇಳಿ ಎಂದಳು. ಆಗ ನನ್ನ ಮನಸ್ಸಿಗೆ ಮೊದಲು ಬಂದದ್ದು ಕಪ್ಪೆಯಲ್ಲ. “ಆ ಮನೆಯಲ್ಲಿ ನಿನ್ನ ಮೇಷ್ಟ್ರಿಗೆ ಏನು ಮಾಡಿದಾರೆ ಗೊತ್ತಾ” ಎಂಬ ಒಂದು ವಾಕ್ಯ. ಸೆಪ್ಟೆಂಬರಿನಲ್ಲಿ ಅವಳು ನನ್ನ ಕಡೆ ಬರಲು ಅದೊಂದೇ ಸಾಕಿತ್ತು. ಫೋನು ಕೈಗೆತ್ತಿಕೊಳ್ಳುವವರೆಗೂ ಅದು ನಾಲಿಗೆಯ ಮೇಲೇ ಇತ್ತು. ಅವಳು ಹಲೋ ಎಂದಳು, ಆ ದನಿ ಕೇಳಿ ಬೇರೆ ಮಾತು ಬಂತು. ಇಷ್ಟೇ ನನ್ನ ಒಳ್ಳೆಯತನ.

ಮೇಷ್ಟ್ರನ್ನು ಕೊಟ್ಟುಬಂದದ್ದೂ ಬರೀ ಪ್ರೀತಿಗಲ್ಲ. ನಿಮ್ಮ ಮನೆಯಲ್ಲಿ ನನ್ನದೊಂದು ಇರಲಿ, ದಿನಾ ನಿಮ್ಮ ಕಣ್ಣಿಗೆ ಬೀಳಲಿ, ತೊಂದರೆ ಕೊಡಲಿ ಎಂದು. ಕೊಟ್ಟಿತು. ಅದರ ಜೀವಕ್ಕೇ ಬರುತ್ತದೆಂದು ಗೊತ್ತಿರಲಿಲ್ಲ.


ಜುಲೈ 19

ನಿಮಗೆ,

ಮೇ, ಜೂನ್ ಎರಡು ತಿಂಗಳೂ ಬರೀ ಮೇಷ್ಟ್ರ ತೂಕ ಬರೆದು ಕಳಿಸಿದೆ. ತೂಕ ಬಿಟ್ಟು ಬೇರೆ ಏನನ್ನೂ ಬರೆಯಲು ಧೈರ್ಯ ಸಾಲಲಿಲ್ಲ.

ಅವರು ಈಗ ಪೂರ್ತಿ ಹಸಿರು. ನಾಲ್ಕು ಮಿಡತೆ ತಿಂದು ಐದನೆಯದಕ್ಕೆ ಕಾಯುತ್ತಾರೆ. ಅವಳು ಒದ್ದೆ ಅಂಗೈಯನ್ನು ಕಡ್ಡಿಯ ಪಕ್ಕ ಸುಮ್ಮನೆ ಇಟ್ಟಿರುತ್ತಾಳೆ, ಅವರಾಗಿಯೇ ಹತ್ತಿ ಕೂರುತ್ತಾರೆ. ಹಿಡಿಯುವುದಿಲ್ಲ, ಸವರುವುದಿಲ್ಲ. ಎರಡು ನಿಮಿಷವಾದ ಮೇಲೆ, “ಸರ್, ಬೆಲ್ ಆಯ್ತು” ಎಂದು ಹೇಳಿ ಕಡ್ಡಿಗೆ ವಾಪಸ್ ಬಿಡುತ್ತಾಳೆ.

ಈಗ ಹೇಳಬೇಕಾದದ್ದು. ಜೂನ್ ಕೊನೆಯಲ್ಲಿ, ಯಾರೂ ಕೇಳದೆಯೇ, ಪಾತ್ರೆ ಒರೆಸುತ್ತಾ ಅವಳೇ ಎತ್ತಿದಳು.

“ಕೇಳಿಸ್ತಾ. ನಾನು ಅಮ್ಮನ ಜೊತೆ ಹೋಗ್ತೀನಿ.”

ಆಯ್ತು ಎಂದೆ. ನನ್ನ ದನಿ ಸರಿಯಾಗಿಯೇ ಇತ್ತು.

“ನೀರಿನ ವಿಷಯಕ್ಕಲ್ಲ,” ಎಂದಳು. “ಅದು ಮುಗೀತು. ಇಲ್ಲಿ ನೀವಿದೀರ, ಅಪ್ಪ ಇದಾರೆ. ಅಲ್ಲಿ ಅಮ್ಮ ಒಬ್ಳೇ. ಮೇಷ್ಟ್ರು ಇಲ್ಲೇ ಇರ್ಲಿ. ಒಂದು ಹಗಲು ಪೂರ್ತಿ ರೈಲಲ್ಲಿ ಅವರಿಗಾಗಲ್ಲ.”

“ಅಮ್ಮನಿಗೆ ಫೋನಲ್ಲಿ ಹೇಳು.”

“ನೀವು ಬರೀರಿ. ಫೋನಲ್ಲಿ ಹೇಳಿದ್ರೆ ಅಳ್ತಾಳೆ, ಹತ್ತು ನಿಮಿಷ ಅದಕ್ಕೇ ಆಗೋಗುತ್ತೆ.”

ಅವತ್ತು ಅವಳು ಊಟ ಮಾಡಲಿಲ್ಲ. ಪೆಟ್ಟಿಗೆಯ ಮುಂದೆ ಕೂತಿದ್ದಳು. ಅವಳಪ್ಪ ರೈಲಿನಿಂದ ಬಂದವರು ವಿಷಯ ಕೇಳಿ ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತರು. ಮರುದಿನ ಲ್ಯಾಬಿನಲ್ಲಿ ನಾನು ಮಾಡಿದ ಹಲ್ಲು ಅಳತೆಗಿಂತ ಎತ್ತರವಾಯಿತು. ಹದಿನೆಂಟು ವರ್ಷದಲ್ಲಿ ನನ್ನ ಕೆಲಸ ವಾಪಸ್ ಬಂದದ್ದು ಇದೇ ಮೊದಲು.

ಅವಳು ಹೇಳಿ ಇಪ್ಪತ್ತು ದಿನವಾಯಿತು. ನಾನು ಬರೆಯದಿದ್ದರೆ ಅವಳ ಮನಸ್ಸು ಬದಲಾದೀತು ಎಂದು ಕಾದೆ. ಬದಲಾಗಲಿಲ್ಲ. ಬರೆದಿದ್ದೇನೆ.


ಆಗಸ್ಟ್ 16

ಅಕ್ಕಾ,

ಅಡುಗೆಮನೆಯಲ್ಲಿ ನಿಂತು ಓದಿದೆ. ಈರುಳ್ಳಿ ಇರಲಿಲ್ಲ, ಎಲ್ಲರೂ ಯಾಕೆ ಎಂದು ಕೇಳಿದರು.

ಮೂರು ದಿನ ಖುಷಿಯಲ್ಲಿದ್ದೆ. ನಾಲ್ಕನೇ ದಿನ, ಪೆಟ್ಟಿಗೆಯ ಮುಂದೆ ಊಟ ಬಿಟ್ಟು ಕೂತವಳು ಕಣ್ಣಿಗೆ ಕಟ್ಟಿದಳು. ನಾನೊಬ್ಬಳೇ ಇರುತ್ತೇನೆಂದು ಆ ಮಗು ಇಷ್ಟನ್ನೆಲ್ಲ ಬಿಟ್ಟು ಬರಬೇಕೇ? ದಾರಿ ಕ್ರಮಿಸಬೇಕಾದವಳು ನಾನು. ಸಮುದ್ರ ದಾಟಿದವಳಿಗೆ ಒಂದು ಹಗಲಿನ ರೈಲು ಏನು ಮಹಾ?

ಬಂದರಿನ ಊರಿನಲ್ಲಿ ನನಗೆ ಅಡುಗೆ ಕೆಲಸ ಕೊಡುತ್ತೇವೆಂದಿದ್ದ ಹೋಟೆಲಿಗೆ ಬರುವುದಿಲ್ಲವೆಂದು ಬರೆದು ಹಾಕಿದೆ. ದೊಡ್ಡ ಅಡುಗೆಮನೆ ಯಾವ ಊರಿನಲ್ಲಾದರೂ ಇರುತ್ತದೆ; ನಿಮ್ಮ ಊರಿನ ಆಸ್ಪತ್ರೆಯಲ್ಲಿ ರೋಗಿಗಳು ಊಟದ ಬಗ್ಗೆ ಗೊಣಗುತ್ತಾರೆಂದು ಕೇಳಿದ್ದೇನೆ. ಆ ಊರಲ್ಲೇ ನನಗೊಂದು ಬಾಡಿಗೆ ಮನೆ ನೋಡಿ. ನಿಮ್ಮ ಬೀದಿಯಲ್ಲಿ ಬೇಡ. ಅವಳಪ್ಪನನ್ನು ದಿನಾ ಹಾಲಿನಂಗಡಿಯಲ್ಲಿ ನೋಡುವ ಆಸೆ ನನಗಿಲ್ಲ, ನನ್ನನ್ನು ನೋಡುವ ಆಸೆ ಅವರಿಗೂ ಇರಲಾರದು. ಆದರೆ ಮೇಷ್ಟ್ರನ್ನು ಡಬ್ಬಿಯಲ್ಲಿ ಒಯ್ದರೆ, ತಲುಪುವಷ್ಟರಲ್ಲಿ ಒಳಗಿನ ಬಟ್ಟೆ ಒಣಗಿರಬಾರದು. ಅಷ್ಟು ದೂರವಿದ್ದರೆ ಸಾಕು.

ಅವಳು ರಾತ್ರಿ ಎಲ್ಲಿ ಮಲಗುತ್ತಾಳೆ ಎಂಬುದನ್ನು ದಿನ ಬಂದ ಹಾಗೆ ನೋಡೋಣ.


ಸೆಪ್ಟೆಂಬರ್ 3

ತಂಗಿಗೆ,

ಮನೆ ಸಿಕ್ಕಿದೆ. ದರ್ಜಿ ಅಂಗಡಿಯ ಮೇಲಿನ ಮಹಡಿ. ಎರಡು ಕೋಣೆ. ಅಡುಗೆಮನೆಯಲ್ಲಿ ನಿಂತರೆ ಕೈ ಚಾಚಲು ಜಾಗವಿದೆ, ಅಳೆದಿದ್ದೇನೆ. ಕೆಳಗೆ ಹೊಲಿಗೆ ಯಂತ್ರದ ಸದ್ದು ಸಂಜೆ ಏಳರವರೆಗೆ. ಹಡಗಿನ ಇಂಜಿನ್ನಿನ ಜೊತೆ ಮಲಗಿದವರಿಗೆ ಅದು ಜೋಗುಳ ಎಂದುಕೊಂಡೆ.

ಮನೆಯ ಒಡತಿ ಮೆಟ್ಟಿಲ ಮೇಲೆ ನಿಂತು, “ಎಷ್ಟು ಜನ ಇರ್ತೀರಿ?” ಎಂದರು. ನಾನು ಯೋಚಿಸುವಷ್ಟರಲ್ಲಿ ಅವಳೇ ಹೇಳಿದಳು, “ಕೆಲವು ದಿನ ಒಬ್ರು, ಕೆಲವು ದಿನ ಇಬ್ರು. ಕಪ್ಪೆ ಬಂದ ದಿನ ಮೂರು.”

“ಗಲಾಟೆ ಮಾಡುತ್ತಾ?”

“ಪಾಠ ಮಾಡಲ್ಲ, ಬರೀ ನೋಡ್ತಾರೆ.”

ಆಕೆ ನನ್ನ ಮುಖ ನೋಡಿದರು. ನಾನು ಕೀಲಿ ಕೇಳಿದೆ.

ನೀವು ಹೇಳಿದ ದೂರವನ್ನು ಪರೀಕ್ಷೆ ಮಾಡಿದೆವು. ಬಿಸಿಲು ಜೋರಿದ್ದ ಮಧ್ಯಾಹ್ನವನ್ನೇ ಆರಿಸಿಕೊಂಡೆವು. ಮೇಷ್ಟ್ರನ್ನು ಮನೆಯಲ್ಲೇ ಬಿಟ್ಟು, ಖಾಲಿ ಡಬ್ಬಿಯಲ್ಲಿ ಒದ್ದೆ ಬಟ್ಟೆ ಹಾಸಿಕೊಂಡು ಹೊರಟೆವು. ನನ್ನ ನಡಿಗೆಗೆ ಒಂಬತ್ತು ನಿಮಿಷದ ದಾರಿ. ಅವಳ ಜೊತೆ ಹದಿನೇಳಾಯಿತು. ಸೈಕಲ್ ಅಂಗಡಿಯ ಮುಂದೆ ನಿಂತಳು, ಒಂದು ಬೆಕ್ಕಿನ ಜೊತೆ ಮಾತಾಡಿದಳು. ನಾನು ಅವಸರ ಮಾಡಲಿಲ್ಲ, ಮೇಷ್ಟ್ರನ್ನು ಒಯ್ಯುವ ದಿನವೂ ಅವಳು ಹೀಗೇ ನಡೆಯುತ್ತಾಳಲ್ಲ.

ಖಾಲಿ ಮನೆಯ ನಡುವೆ ಕೂತು ಡಬ್ಬಿ ತೆರೆದು, ಬಟ್ಟೆಯನ್ನು ಕೆನ್ನೆಗೆ ಒತ್ತಿ ನೋಡಿದಳು.

“ಒದ್ದೆ ಇದೆ,” ಎಂದಳು.

ಡಬ್ಬಿಯ ಮುಚ್ಚಳ ಹಾಕಿ ಎದ್ದಳು. “ಬನ್ನಿ, ವಾಪಸ್ ಹೋಗ್ತಾನೂ ನೋಡೋಣ. ಆ ಕಡೆಯಿಂದಲೂ ಅಷ್ಟೇ ದೂರ ಇದೆಯಾ ಅಂತ.”

ಬಾಗಿಲು ಹಾಕಿ ನಡೆದೆವು. ಅಷ್ಟೇ ಇತ್ತು.